ತುಂಟತನಕ್ಕೊಂದು ಉತ್ಸವದ ದಾರಿ

ಅಕ್ಟೋಬರ್ 31ರ ರಾತ್ರಿ ಅಮೆರಿಕೆಯಲ್ಲಿ ಜರುಗುವ ಹ್ಯಾಲೋವೀನ್ ಹಬ್ಬವನ್ನು ಭೂತವೇಷದ ಮೋಜೆಂದಷ್ಟೇ ನಾವು ಬಲ್ಲೆವು. ಆದರೆ ಕಳೆದ ಶತಮಾನದ ಆರಂಭದಲ್ಲಿ ಅಲ್ಲಿಯ ಹಳ್ಳಿಗಾಡಿನ ಗೃಹಸ್ಥರಿಗೆ ಅದು ಚಿಂತೆಯ ರಾತ್ರಿಯಾಗಿತ್ತು. ಹುಡುಗರು ಕಿಟಕಿಗಳಿಗೆ ಸಾಬೂನು ಬಳಿಯುವರು. ಬೇಲಿಯ ಬಾಗಿಲುಗಳನ್ನು ಕಿತ್ತೊಯ್ಯುವರು. ದನಗಳನ್ನು ಬಿಚ್ಚಿ ಬೀದಿಗಟ್ಟುವರು. ಗದರಿಕೆಗೆ ಅವರು ಬಗ್ಗುತ್ತಿರಲಿಲ್ಲ.

ಕಾನ್ಸಾಸ್ ರಾಜ್ಯದಲ್ಲಿ ಹಿಯಾವಾಥಾ ಎಂಬುದು ಒಕ್ಕಲುತನದ ಪುಟ್ಟ ಊರು. ಅಲ್ಲಿ ಎಲಿಜಬೆತ್ ಕ್ರೆಬ್ಸ್ ಎಂಬ ತಾಯಿಯ ಹೂದೋಟವು ಆ ರಾತ್ರಿ ಹುಡುಗರ ತುಳಿತಕ್ಕೆ ಸಿಕ್ಕಿ ಹಾಳಾಗುತ್ತಿತ್ತು. ಅವರು ಶಿಕ್ಷೆಯ ಮಾತೆತ್ತದೆ, 1914ರಲ್ಲಿ ಊರವರನ್ನು ಕೂಡಿಸಿಕೊಂಡು ವೇಷಸ್ಪರ್ಧೆ, ಮೆರವಣಿಗೆಗಳನ್ನು ಏರ್ಪಡಿಸಿದರು. ಆ ಉತ್ಸವವು ನೂರು ವರ್ಷ ದಾಟಿ ಬಾಳಿದೆ.

ಮಿನ್ನೆಸೋಟಾ ರಾಜ್ಯದ ಅನೋಕಾ ಊರೂ 1920ರಲ್ಲಿ ಇದೇ ದಾರಿ ಹಿಡಿಯಿತು. ಹಿರಿಯರು ಸಮಿತಿ ರಚಿಸಿ, ವಾರಗಟ್ಟಲೆ ಮೊದಲೇ ಸಿದ್ಧತೆಗೆ ತೊಡಗಿದರು. ಶಾಲಾಮಕ್ಕಳು ಮೆರವಣಿಗೆಯಲ್ಲಿ ನಡೆದರು. ಬಳಿಕ ಅವರಿಗೆ ಜೋಳದ ಅರಳು, ಕಡಲೆಕಾಯಿ, ಮಿಠಾಯಿ ಹಂಚಲಾಯಿತು; ಊರ ನಡುವೆ ದೊಡ್ಡ ಬೆಂಕಿ ಹೊತ್ತಿಸಲಾಯಿತು.

ಇಂತಹ ಉತ್ಸವದ ಯೋಜನೆಯಲ್ಲಿ ಖರ್ಚಿಗಿಂತ ಹೊಣೆಯ ಹಂಚಿಕೆ ಮುಖ್ಯವೆಂಬುದನ್ನು ನಾವು ಮನಗಾಣಬೇಕು. ಹೊಲದ ಕುಂಬಳ, ಹುಲ್ಲಿನ ಬಂಡಿ, ಮನೆಯಲ್ಲೇ ಹೊಲಿದ ವೇಷ ಇಷ್ಟೇ ಸಾಕು. ಆದರೆ ದೀಪ ಕಾಯಲು, ಚಿಕ್ಕವರನ್ನು ಮನೆ ಮುಟ್ಟಿಸಲು ಬೆಳೆದ ಹುಡುಗರನ್ನೇ ನೇಮಿಸಬೇಕು. ನಿನ್ನೆ ಬೇಲಿ ಕಿತ್ತ ಕೈಗೆ ಇಂದು ಬೇಲಿ ಕಾಯುವ ಕೆಲಸ ಕೊಟ್ಟರೆ ಅದು ಹಿಗ್ಗುತ್ತದೆ. ಮಕ್ಕಳ ಹುಮ್ಮಸ್ಸು ಹರಿಯುವ ನೀರು. ಅದಕ್ಕೆ ಒಡ್ಡು ಕಟ್ಟುವುದಕ್ಕಿಂತ ಕಾಲುವೆ ತೋಡುವುದೇ ಹಿರಿಯರಾದ ನಮ್ಮ ಕರ್ತವ್ಯವಲ್ಲವೇ?