ನಿಮಗಿದು ಗೊತ್ತೆ? ಹಾಡು ಬಿಟ್ಟ ಚಿಮ್ಮಂಡೆ
ಹವಾಯಿಯ ಕವಾಯಿ ದ್ವೀಪದಲ್ಲಿ ಬಹುತೇಕ ಗಂಡು ಚಿಮ್ಮಂಡೆಗಳು ಹಾಡುವುದನ್ನೇ ಬಿಟ್ಟಿವೆ. ಅದೂ 20 ತಲೆಮಾರು ಕಳೆಯುವುದರೊಳಗೆ!

ಕತ್ತಲಾದೊಡನೆ ಕಿರ್ರೆನ್ನುವ ಈ ಹುಳು ದೂರದ ಹೆಣ್ಣನ್ನು ಕರೆಯುವುದು ಆ ದನಿಯಿಂದಲೇ. ಆದರೆ ಅದೇ ದನಿಯ ಜಾಡು ಹಿಡಿದು ಒಂದು ನೊಣವೂ ಬರುತ್ತದೆ. ಉತ್ತರ ಅಮೆರಿಕದಿಂದ ಬಂದು ನೆಲೆಸಿದ ಈ ನೊಣ ಚಿಮ್ಮಂಡೆಯ ಮೈಮೇಲೆ ಮರಿಹುಳುಗಳನ್ನು ಬಿಡುತ್ತದೆ. ಅವು ಮೈ ಕೊರೆದು ಒಳಹೊಕ್ಕು, ತಿಂದು ಬೆಳೆದು, ಸುಮಾರು ಒಂದು ವಾರಕ್ಕೆ ಹೊರಬರುತ್ತವೆ. ಚಿಮ್ಮಂಡೆಯ ಕಥೆ ಅಲ್ಲಿಗೆ ಮುಗಿಯಿತು.

2003ರಲ್ಲಿ ಜೀವವಿಜ್ಞಾನಿ ಮರ್ಲೀನ್ ಝುಕ್ ತಂಡ ನೋಡಿದಾಗ ಹತ್ತರಲ್ಲಿ ಒಂಬತ್ತು ಗಂಡುಗಳ ರೆಕ್ಕೆ ಬೋಳು. ಸದ್ದು ಹುಟ್ಟಿಸುವ, ಅರದಂಥ ಹಲ್ಲುಸಾಲು ಹೆಚ್ಚುಕಡಿಮೆ ಮಾಯ. ಹಾಗಾದರೆ ಈ ಮೂಕರಿಗೆ ಹೆಣ್ಣು ಸಿಗುವುದು ಹೇಗೆ? ಇನ್ನೂ ಹಾಡುತ್ತಿರುವ ಗಂಡಿನ ಸುತ್ತ ಹೊಂಚು ಹಾಕಿ ಕೂರುತ್ತವೆ. ಹಾಡು ಕೇಳಿ ಬಂದ ಹೆಣ್ಣನ್ನು ದಾರಿಯಲ್ಲೇ ಒಲಿಸಿಕೊಳ್ಳುತ್ತವೆ. ಜಾಣತನವೋ ಕಳ್ಳತನವೋ, ವಂಶವಂತೂ ಉಳಿದಿದೆ.

ಮುಂದೆ ಓವಾಹು ದ್ವೀಪದಲ್ಲೂ ಮೂಕ ಗಂಡುಗಳು ಸಿಕ್ಕವು. ಆದರೆ ರೆಕ್ಕೆಯ ಆಕಾರ ಬೇರೆ. ಅಲ್ಲಿ ಇನ್ನೊಂದು ರೂಪಾಂತರ ತಾನೇ ತಾನಾಗಿ ಹುಟ್ಟಿತ್ತು.