ಹಿಮದ ಬೆಟ್ಟದಲ್ಲಿ ಗಾಳಿ ಎದ್ದಾಗ

ಅರಕೇರಾದ ನಮಗೆ ಚಳಿ ಎಂದರೆ ಡಿಸೆಂಬರ್ ತಿಂಗಳ ಫಜ್ರ್ ಹೊತ್ತಿನ ಚಳಿ. ಒಂದು ಶಾಲು ಹೊದ್ದರೆ ಮುಗಿಯಿತು. ಹೀಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಫೋನ್ ಮಾಡಿ, "ಅಮ್ಮಿ, ಜೂನ್‌ನಲ್ಲಿ ಗೆಳೆಯರ ಜೊತೆ ಹಿಮಾಲಯಕ್ಕೆ ಹೋಗ್ತೀನಿ" ಎಂದರೆ, ಬೇಸಿಗೆ ತಾನೇ, ಹೋಗಿ ಬರಲಿ ಎಂದು ಒಪ್ಪಿಬಿಡುತ್ತೇವೆ.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ 22 ಜನರ ಚಾರಣ ತಂಡ ಹೋಗಿತ್ತು. ಹೆಚ್ಚಿನವರು ಕರ್ನಾಟಕದವರು, ಅನುಭವಸ್ಥರೂ ಇದ್ದರು. 4,000 ಮೀಟರಿಗೂ ಎತ್ತರದ ಸರೋವರ ನೋಡಿ ಶಿಬಿರಕ್ಕೆ ಮರಳುವಾಗ ಹಿಮಗಾಳಿ ಎದ್ದು ದಾರಿ ಕಾಣದಾಯಿತು. ರಾತ್ರಿಯನ್ನು ಬಯಲಲ್ಲೇ ಕಳೆಯಬೇಕಾಯಿತು. 9 ಮಂದಿ ಉಳಿಯಲಿಲ್ಲ.

ಇಲ್ಲಿ ಗಾಳಿಯ ಪಾತ್ರ ದೊಡ್ಡದು. ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳು ಪದರ ಇರುತ್ತದೆ. ಬಿಸಿ ಚಹಾವನ್ನು ಊದಿ ಆರಿಸುವ ಹಾಗೆ ಬಿರುಗಾಳಿ ಆ ಪದರವನ್ನು ಹೊತ್ತೊಯ್ಯುತ್ತದೆ. 0 ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 8 ಡಿಗ್ರಿಯಂತೆ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಬೆವರು ಹೀರಿದ ಹತ್ತಿ ಬನಿಯನ್ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೇ ಹೀರುತ್ತದೆ. ಊರಲ್ಲಿ ನಮಗೆ ಹಿತವಾದ ಹತ್ತಿ ಅಲ್ಲಿ ಬೇಡ. ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಮೇಲೆ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಇರಲಿ. ಏರುವಾಗ ಬೆವರು ಬಂದರೆ ಒಂದು ಪದರ ಕಳಚಿ, ನಿಂತ ಕೂಡಲೇ ಮತ್ತೆ ತೊಡಬೇಕು.

ಮೈಯ ಒಳಶಾಖ 35 ಡಿಗ್ರಿಗಿಂತ ಇಳಿದರೆ ಅಪಾಯ ಶುರು. ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಜಾಕೆಟ್ ಜಿಪ್ ಎಳೆಯಲೂ ಬೆರಳು ಕೇಳುವುದಿಲ್ಲ. ಬಳಲಿದವನ ನಡುಕ ತಾನಾಗಿ ನಿಂತರೆ ಸುಧಾರಿಸಿದ ಎಂದುಕೊಳ್ಳಬೇಡಿ, ಸ್ಥಿತಿ ಕೆಟ್ಟಿದೆ. ಬುದ್ಧಿಯೂ ಮಂಕಾಗುವುದರಿಂದ ಅವನಿಗೆ ಅದು ತಿಳಿಯದು, ಜೊತೆಗಾರರೇ ಗಮನಿಸಬೇಕು. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ಬದಲಿಸಿ, ತಲೆ, ಕುತ್ತಿಗೆ, ಎದೆಯನ್ನು ಮೊದಲು ಬೆಚ್ಚಗಾಗಿಸಿ. ಕೆಳಗೂ ಏನಾದರೂ ಹಾಸಬೇಕು, ನೆಲದ ತಂಪು ಸುಮ್ಮನಿರುವುದಿಲ್ಲ. ಎಚ್ಚರವಿದ್ದು ನುಂಗಬಲ್ಲವನಾದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಚಳಿಗೆ ಮದ್ಯ ಒಳ್ಳೆಯದು ಎಂಬ ಮಾತು ವೈದ್ಯಕೀಯವಾಗಿಯೂ ಸುಳ್ಳು. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಶಾಖ ಕಳೆಯುತ್ತದೆ. ಬೆಳ್ಳಗಾಗಿ ಮರಗಟ್ಟಿದ ಬೆರಳನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಲೂಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗದು.

ವುಝೂ ವಿಚಾರವನ್ನೂ ಹೇಳಬೇಕು. ಕೊರೆಯುವ ನೀರಿನಿಂದ ಹಾನಿಯಾಗುವ ಭಯವಿದ್ದು, ನೀರು ಕಾಯಿಸಲು ದಾರಿಯಿಲ್ಲದಿದ್ದರೆ ತಯಮ್ಮುಮ್‌ಗೆ ಅನುಮತಿ ಇದೆ. ವುಝೂ ಇದ್ದಾಗ ಚರ್ಮದ ಮೋಜಾ ತೊಟ್ಟ ಪ್ರಯಾಣಿಕರು 3 ಹಗಲು 3 ರಾತ್ರಿ ಅದರ ಮೇಲೆ ಮಸಹ್ ಮಾಡಬಹುದು. ಹೊರಡುವ ಮುಂಚೆ ಇಮಾಮರನ್ನು ಕೇಳಿ ವಿವರ ತಿಳಿದುಕೊಳ್ಳಿ.

ಮಗ ಹೊರಟಾಗ ಡಬ್ಬಿಗೆ ಖರ್ಜೂರ, ಬಾದಾಮಿ ತುಂಬಿ ಕೊಡಿ. ಜೊತೆಗೆ ಒಂದು ಮಾತು ಕೇಳಿ: "ಹವಾಮಾನ ಕೆಟ್ಟರೆ ಎಷ್ಟು ಗಂಟೆಗೆ ವಾಪಸ್ ತಿರುಗ್ತೀರಿ?" ಉತ್ತರ ಅವನಿಗಾಗಲಿ, ತಂಡದವರಿಗಾಗಲಿ ಗೊತ್ತಿಲ್ಲದಿದ್ದರೆ ಆ ತಂಡದ ಜೊತೆ ಕಳಿಸಬೇಡಿ.