ನಾಣ್ಯದ ಬೆಲೆಯನ್ನು ಯಾರು ಬಲ್ಲರು?

ಹೆಬ್ರಿ ಪೇಟೆಯಲ್ಲಿ ನಮ್ಮ ತಂದೆಯವರಿಗೆ ಒಂದು ಜೀನಸಿನ ಅಂಗಡಿಯಿತ್ತು. ಆಗುಂಬೆ ಘಾಟಿ ಇಳಿದು ಬರುವವರೂ ಬಾರಕೂರು, ಕಾರ್ಕಳದ ಕಡೆಯವರೂ ಅಲ್ಲಿಗೆ ಗಿರಾಕಿಗಳಾಗಿದ್ದರು. ಗಲ್ಲಾಪೆಟ್ಟಿಗೆಗೆ ಬಂದ ಹಳೆಯ ನಾಣ್ಯಗಳನ್ನು ಅವರು ತೆಗೆದಿಡುತ್ತಿದ್ದರು; ಕೆಲವನ್ನು ಹಣ ಕೊಟ್ಟು ಕೊಂಡದ್ದೂ ಉಂಟು. ನಲವತ್ತು ವರ್ಷಗಳಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ತುಂಬಿತು. ಟಿಪ್ಪುವಿನ ಆನೆ ಕಾಸು, ಒಂದು ಇಕ್ಕೇರಿ ವರಹ, ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಟ್ಟದಾದ ಎರಡು ಕಂಠೀರಾಯ ಹಣ, ವಿಕ್ಟೋರಿಯಾ ರಾಣಿಯಿಂದ ಆರನೆಯ ಜಾರ್ಜ್‌ವರೆಗಿನ ಬೆಳ್ಳಿ ರೂಪಾಯಿಗಳು ಅದರಲ್ಲಿವೆ.

ನಿವೃತ್ತಿಯ ನಂತರ ವರ್ಷದ ನಾಲ್ಕು ತಿಂಗಳು ನಾವು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿರುತ್ತೇವೆ. ಆಗ ಹೆಬ್ರಿಯ ಮನೆಗೆ ಬೀಗ. ಪೆಟ್ಟಿಗೆಗೆ ವಿಮೆ ಮಾಡಿಸೋಣವೆಂದು ಒಂದು ಕಚೇರಿಗೆ ಹೋದೆ. ಅಲ್ಲಿದ್ದ ಯುವ ಅಧಿಕಾರಿ ವಿನಯದಿಂದಲೇ ಕೇಳಿದರು: ‘ಸಾರ್, ಒಂದು ರೂಪಾಯಿ ನಾಣ್ಯ ಕಳೆದುಹೋದರೆ ನಷ್ಟ ಒಂದು ರೂಪಾಯಿ ತಾನೇ?’

ಅದು ಕುಹಕವಾಗಿರಲಿಲ್ಲ. ಅವರ ಮುಂದಿದ್ದ ಪಾಲಿಸಿಯ ಭಾಷೆಯೇ ಹಾಗಿದೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತಗಳಿಂದ ಮನೆಗೂ ಮನೆಯ ಸಾಮಾನುಗಳಿಗೂ ರಕ್ಷಣೆ ನೀಡುತ್ತದೆ. ಮಧ್ಯಮ ವರ್ಗಕ್ಕೆ ಅದು ಉಪಯುಕ್ತವಾದ ಪಾಲಿಸಿಯೇ ಸರಿ. ಆದರೆ ಅದರ ಹೊರತುಗಳ ಪಟ್ಟಿಯಲ್ಲಿ ಚಿನ್ನದ ಗಟ್ಟಿ, ಹಸ್ತಪ್ರತಿ, ಚೆಕ್ಕುಗಳ ಜೊತೆಗೆ ನಾಣ್ಯ ಮತ್ತು ನೋಟುಗಳೂ ಸೇರಿವೆ. ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸದ ಹೊರತು ಅವುಗಳಿಗೆ ಪರಿಹಾರವಿಲ್ಲ. ಕಳವಿನ ವಿಷಯದಲ್ಲಿಯೂ ಮಿತಿಯಿದೆ: ಬೆಂಕಿಯೋ ನೆರೆಯೋ ಸಂಭವಿಸಿ, ಅದರ ಕಾರಣದಿಂದ ಏಳು ದಿನಗಳೊಳಗೆ ಆದ ಕಳವಿಗಷ್ಟೇ ಅದು ಅನ್ವಯಿಸುತ್ತದೆ. ಬಾಗಿಲು ಮುರಿದು ನುಗ್ಗುವ ಕಳ್ಳನಿಗೆ ಪ್ರತ್ಯೇಕ ಪಾಲಿಸಿ ಬೇಕು. ಮನೆ ಬಹುದಿನ ಬೀಗ ಹಾಕಿದ್ದರೆ ರಕ್ಷಣೆಯನ್ನು ಮೊಟಕುಗೊಳಿಸುವ ಷರತ್ತು ಅಂಥ ಹಲವು ಪಾಲಿಸಿಗಳಲ್ಲಿ ಇರುತ್ತದೆ.

ವಿಮಾ ಕಂಪನಿಗಳು ನಾಣ್ಯವೆಂದರೆ ಹಿಂಜರಿಯುವುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟೆ: ವಸ್ತುವಿನ ಗುಣವನ್ನು ಒಂದು ಪಕ್ಷ ಬಲ್ಲದು, ಇನ್ನೊಂದು ಅರಿಯದು ಎಂದಾದರೆ ಪ್ರಾಮಾಣಿಕರಿಗೂ ಅಲ್ಲಿ ನ್ಯಾಯವಾದ ಬೆಲೆ ಸಿಗುವುದಿಲ್ಲ. ನಾಣ್ಯಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. 1862ರ ವಿಕ್ಟೋರಿಯಾ ರೂಪಾಯಿ ಹಳತಾದರೂ ಅಪರೂಪವಲ್ಲ, ಏಕೆಂದರೆ 1874ರವರೆಗೂ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಿದ್ದವು. ಅದಕ್ಕಿಂತ ಎಷ್ಟೋ ಕಿರಿಯದಾದ 1939ರ ರೂಪಾಯಿ ದುರ್ಲಭ. ಸವೆತ, ಟಂಕಸಾಲೆಯ ಗುರುತು, ನಕಲಿಯ ಶಂಕೆ ಇವೆಲ್ಲ ಬೆಲೆಯನ್ನು ಹಲವು ಪಟ್ಟು ಏರಿಸಬಲ್ಲವು, ಇಳಿಸಬಲ್ಲವು. ಇದನ್ನು ಅರಿಯದ ಕಂಪನಿ ಒಂದೋ ನಿರಾಕರಿಸುತ್ತದೆ, ಇಲ್ಲವೇ ತನ್ನ ಅಜ್ಞಾನದ ವೆಚ್ಚವನ್ನೂ ಕಂತಿಗೆ ಸೇರಿಸುತ್ತದೆ. ಅದರ ಮೇಲೆ ಶೇ 18ರ ಜಿಎಸ್‌ಟಿ ಬೇರೆ.

ಹಾಗಾದರೆ ಬ್ಯಾಂಕಿನ ಲಾಕರ್ ಸಾಲದೇ ಎಂದು ಕೇಳಬಹುದು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ರಿಸರ್ವ್ ಬ್ಯಾಂಕ್ ಲಾಕರ್ ನಿಯಮಗಳನ್ನು ಪರಿಷ್ಕರಿಸಿತು. 2022ರ ಜನವರಿಯಿಂದ ಜಾರಿಗೆ ಬಂದ ಆ ನಿಯಮಗಳ ಪ್ರಕಾರ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ ಮಿತಿ 2 ಲಕ್ಷ. ಭೂಕಂಪ, ಪ್ರವಾಹಗಳಂಥ ಪ್ರಕೃತಿ ವಿಕೋಪಕ್ಕೆ ಬ್ಯಾಂಕ್ ಹೊಣೆಯಲ್ಲ. ಲಾಕರಿನಲ್ಲಿರುವ ವಸ್ತುಗಳಿಗೆ ಬ್ಯಾಂಕುಗಳು ತಾವೇ ವಿಮೆ ಮಾರುವಂತೆಯೂ ಇಲ್ಲ. ಸಣ್ಣ ಸಂಗ್ರಹಕ್ಕೆ ಈ ರಕ್ಷಣೆ ಸಾಕಾಗಬಹುದು; ಆದರೆ ಒಳಗೆ ಏನಿತ್ತೆಂದು ತೋರಿಸುವ ದಾಖಲೆ ನಮ್ಮ ಬಳಿಯಲ್ಲಿರಬೇಕು.

ದಾರಿ ಇಲ್ಲದಿಲ್ಲ. ಗೃಹ ರಕ್ಷಾ ಪಾಲಿಸಿಯಲ್ಲಿಯೇ ಬೆಲೆಬಾಳುವ ವಸ್ತುಗಳಿಗೆ ‘ಒಪ್ಪಿತ ಮೌಲ್ಯ’ದ ಐಚ್ಛಿಕ ರಕ್ಷಣೆಯುಂಟು. ಒಟ್ಟು ಮೊತ್ತ 5 ಲಕ್ಷ ಮೀರದೆ, ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪಕರ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ನಮ್ಮಂಥವರ ಬಹುಪಾಲು ಸಂಗ್ರಹಗಳು ಈ ಮಿತಿಯೊಳಗೇ ಬರುತ್ತವೆ. ನಾಣ್ಯಗಳನ್ನು ಹೆಸರಿಸಿ ಸೇರಿಸಿದ್ದೇವೆಂದು ಕಂಪನಿಯಿಂದ ಪಾಲಿಸಿಯಲ್ಲಿಯೇ ಬರೆಸಿಕೊಳ್ಳುವುದು ಮಾತ್ರ ಅಗತ್ಯ. ಏಜೆಂಟರ ಬಾಯಿಮಾತು ಸಾಲದು.

ಕಂತು ತಗ್ಗಬೇಕಾದರೆ ಎಲ್ಲಕ್ಕೂ ವಿಮೆ ಮಾಡಿಸುವ ಆಸೆ ಬಿಡಬೇಕು. ಸಾವಿರಕ್ಕೆ ಐದು ರೂಪಾಯಿ ದರವೆಂದು ಊಹಿಸಿಕೊಳ್ಳೋಣ. 3 ಲಕ್ಷದ ಸಂಗ್ರಹಕ್ಕೆ ತೆರಿಗೆ ಸೇರಿ 1,770 ರೂಪಾಯಿ ಆಗುತ್ತದೆ. ಅದರಲ್ಲಿ ನಿಜಕ್ಕೂ ಬೆಲೆಬಾಳುವ 80 ಸಾವಿರದ ಭಾಗಕ್ಕೆ ಮಾತ್ರವಾದರೆ 472 ರೂಪಾಯಿ. ನಾನು ಪೆಟ್ಟಿಗೆಯನ್ನು ಮೂರು ಪಾಲು ಮಾಡಿದೆ. ಚಿನ್ನದ ನಾಣ್ಯಗಳೂ ಕೆಲವು ಅಪರೂಪದ ರೂಪಾಯಿಗಳೂ ವಿಮೆಗೆ. ಊರಲ್ಲಿ ಇಲ್ಲದಾಗ ಅವು ಲಾಕರಿಗೆ. ಲೋಹದ ಬೆಲೆಯಷ್ಟೇ ಇರುವ ಬೆಳ್ಳಿ ರೂಪಾಯಿಗಳು ಲಾಕರಿನಲ್ಲಿಯೇ ಕಾಯಂ. ತಾಮ್ರದ ಕಾಸುಗಳು ಮನೆಯಲ್ಲಿ. ಅವುಗಳ ಶತ್ರು ಕಳ್ಳನಲ್ಲ, ನಮ್ಮ ಮಳೆಗಾಲದ ತೇವ. ಹಸಿರು ಕಿಲುಬಿನಂಥ ನಿಧಾನದ ಸವಕಳಿಗೆ ವಿಮೆ ಪರಿಹಾರ ಕೊಡುವುದಿಲ್ಲ.

ಆದರೂ ಒಬ್ಬೊಬ್ಬರೇ ಕಚೇರಿಯಿಂದ ಕಚೇರಿಗೆ ಅಲೆಯುವುದು ಪರಿಹಾರವಲ್ಲ. ಅಮೆರಿಕದಲ್ಲಿ 1891ರಲ್ಲಿ ಸ್ಥಾಪನೆಯಾದ ನಾಣ್ಯ ಸಂಘವು ತನ್ನ ಸದಸ್ಯರಿಗೆ ಸಂಗ್ರಹ ವಿಮೆಯ ಯೋಜನೆಯನ್ನು ಒದಗಿಸಿಕೊಟ್ಟಿದೆ. ನಮ್ಮಲ್ಲಿಯೂ ನಾಣ್ಯ ಸಂಘಗಳಿವೆ, ಪ್ರದರ್ಶನಗಳು ನಡೆಯುತ್ತವೆ. ವಿಮೆಗೆಂದೇ ಗುಂಪು ಕಟ್ಟುವುದನ್ನು ನಮ್ಮ ವಿಮಾ ನಿಯಮಗಳು ಒಪ್ಪುವುದಿಲ್ಲ. ಬೇರೆ ಉದ್ದೇಶಕ್ಕೆ ಹುಟ್ಟಿದ ಸಂಘಕ್ಕೆ ಆ ತೊಡಕಿಲ್ಲ. ಬೆಲೆ ಬಲ್ಲ ಹಿರಿಯ ಸದಸ್ಯರು ಮೌಲ್ಯಮಾಪನದಲ್ಲಿ ನೆರವಾದರೆ ಕಂಪನಿಯ ಅಜ್ಞಾನ ಕಡಿಮೆಯಾಗುತ್ತದೆ, ಅಪಾಯ ಹಲವರಲ್ಲಿ ಹಂಚಿಹೋಗುತ್ತದೆ, ಕಂತೂ ಇಳಿಯುತ್ತದೆ.

ಇದು ಹವ್ಯಾಸಿಗಳ ಖಾಸಗಿ ಚಿಂತೆಯಷ್ಟೇ ಅಲ್ಲ. ಎರಡು ಮೀನಿನ ಲಾಂಛನದ ಆಳುಪರ ನಾಣ್ಯಗಳು, ಶಾಸನಗಳಲ್ಲಿ ಉಲ್ಲೇಖಗೊಂಡ ಬಾರಕೂರು ಗದ್ಯಾಣ ಈ ನೆಲದ ಆರ್ಥಿಕ ಚರಿತ್ರೆಯ ಸಾಕ್ಷಿಗಳು. ಕಾಪಾಡಲು ದಾರಿ ಕಾಣದ ಕುಟುಂಬಗಳು ಚಿನ್ನ ಬೆಳ್ಳಿಯ ದರ ಏರಿದಾಗ ಇಂಥವನ್ನು ಅಕ್ಕಸಾಲಿಗನ ಮೂಸೆಗೆ ಹಾಕುತ್ತವೆ. ಕರಗಿದ ಮೇಲೆ ಉಳಿಯುವುದು ತೂಕ ಮಾತ್ರ.

ಕೊನೆಗೆ ಇನ್ನೊಂದು ಕಚೇರಿ ನನ್ನ ಅರ್ಜಿಯನ್ನು ಒಪ್ಪಿತು. ಅಲ್ಲಿ ಮೊದಲು ಕೇಳಿದ್ದು ಪಟ್ಟಿಯನ್ನು. ಫೋಟೊ, ತೂಕ, ಸುತ್ತಳತೆಯನ್ನು ನಾನು ಬರೆದುಕೊಂಡಿದ್ದೆ. ಆದರೆ ಇವು ನಮ್ಮವೇ ಎನ್ನಲು ಆಧಾರವೇನು? ಅಟ್ಟದ ಮೇಲಿದ್ದ ಅಂಗಡಿಯ ಹಳೆಯ ಖಾತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಉತ್ತರ ಸಿಕ್ಕಿತು. ಯಾವ ನಾಣ್ಯ, ಯಾವ ದಿನ, ಯಾರಿಂದ, ಎಷ್ಟಕ್ಕೆ ಎಂದು ತಂದೆಯವರು ಸಾಲು ಸಾಲಾಗಿ ಬರೆದಿಟ್ಟಿದ್ದರು. ವಿಮೆಯ ಹೆಸರನ್ನೂ ಎತ್ತದ ಅವರು ಅದರ ಅರ್ಧ ಕೆಲಸವನ್ನು ಐವತ್ತು ವರ್ಷಗಳ ಹಿಂದೆಯೇ ಮುಗಿಸಿದ್ದರು. ಮನೆಯಲ್ಲಿ ಇಂಥ ಪೆಟ್ಟಿಗೆ ಇರುವವರು ಕಂತಿನ ದರ ವಿಚಾರಿಸುವ ಮೊದಲು ಒಂದು ನೋಟ್‌ಬುಕ್ ಕೊಳ್ಳಲಿ.